ಪೊಟ್ಟಣದ ಮೇಲಿನ ನುಡಿ

ಹಿಂದೆ ಬೇಳೆಯನ್ನು ಅಂಗೈಯಲ್ಲಿಟ್ಟು ನೋಡಿ, ಎಣ್ಣೆಯನ್ನು ಮೂಸಿ ಕೊಳ್ಳುವ ರೂಢಿಯಿದ್ದಿತು. ಇಂದು ರಾಜಾಜಿನಗರದಲ್ಲಾಗಲಿ, ಕೆಂಗೇರಿಯಲ್ಲಾಗಲಿ, ಬಹುಪಾಲು ಆಹಾರ ಪದಾರ್ಥಗಳು ಬಾಯಿ ಮುಚ್ಚಿದ ಪೊಟ್ಟಣಗಳಲ್ಲಿ ದೊರೆಯುತ್ತವೆ. ಕಣ್ಣು ಮೂಗುಗಳು ಮಾಡುತ್ತಿದ್ದ ಕೆಲಸವನ್ನು ಪೊಟ್ಟಣದ ಮೇಲಿನ ಬರಹವೇ ಮಾಡಬೇಕಾಗಿದೆ. ಆದುದರಿಂದಲೇ ಆ ಬರಹ ಸತ್ಯವಾಗಿರಬೇಕೆಂದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ವಿಧಿಸಿದೆ. ತಪ್ಪು ಹೆಸರಿನಿಂದ ಆಹಾರವನ್ನು ಮಾರಿದವರಿಗೆ 3 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಬರಹ ಸತ್ಯವಾಗಿದ್ದರೆ ಸಾಲದು, ಓದುವವನಿಗೆ ತಿಳಿಯಲೂ ಬೇಕು. ಚೌಕದೊಳಗಿನ ಹಸಿರು ವೃತ್ತ ಸಸ್ಯಾಹಾರದ ಗುರುತು. ಮಾಂಸಾಹಾರಕ್ಕೆ ಮೊದಲು ಕಂದು ವೃತ್ತವಿದ್ದಿತು. ಬಣ್ಣಗುರುಡು ಉಳ್ಳವರಿಗೆ ಇವೆರಡರ ಭೇದ ಕಾಣದು. ಅದಕ್ಕಾಗಿ 2020ರ ನಿಯಮಗಳು ಕಂದು ವೃತ್ತದ ಸ್ಥಾನದಲ್ಲಿ ಕಂದು ತ್ರಿಕೋನವನ್ನು ತಂದವು. ಭಾಷೆಯ ವಿಷಯವೂ ಹೀಗೆಯೇ. 2023ರಲ್ಲಿ ಮೊಸರಿನ ಪೊಟ್ಟಣಗಳ ಮೇಲೆ 'ದಹಿ' ಎಂಬ ಪದವನ್ನು ಮುಖ್ಯವಾಗಿ ಮುದ್ರಿಸಬೇಕೆಂದು ಕರ್ನಾಟಕ ಹಾಲು ಮಹಾಮಂಡಳಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದಿಂದ ಸೂಚನೆ ಬಂದಿತು. ಜನರು ವಿರೋಧಿಸಿದರು. ಮಾರ್ಚ್ 30ರಂದು ಪ್ರಾಧಿಕಾರವು ಸೂಚನೆಯನ್ನು ತಿದ್ದಿ, 'ಕರ್ಡ್' ಎಂಬುದರೊಡನೆ 'ಮೊಸರು' ಎಂದು ಬರೆಯಲು ಅವಕಾಶವಿತ್ತಿತು.

ಈಗ ವಿಜ್ಞಾನವು ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟಿದೆ. ಪ್ರಾಣಿಯ ದೇಹದಿಂದ ಕೆಲವು ಜೀವಕೋಶಗಳನ್ನು ತೆಗೆದು, ಸಕ್ಕರೆ, ಅಮೈನೋ ಆಮ್ಲ, ಜೀವಸತ್ವಗಳ ದ್ರವದಲ್ಲಿ ಪೋಷಿಸಿದರೆ ಅವು ವೃದ್ಧಿಯಾಗಿ ಮಾಂಸವಾಗುತ್ತವೆ. ಇದಕ್ಕಾಗಿ ಪ್ರಾಣಿಯನ್ನು ವಧಿಸಲೇಬೇಕೆಂದಿಲ್ಲ. ಮಾರ್ಕ್ ಪೋಸ್ಟ್ ಎಂಬ ಡಚ್ ವಿಜ್ಞಾನಿ 2013ರಲ್ಲಿ ಲಂಡನ್ ನಗರದಲ್ಲಿ ಇಂತಹ ಮಾಂಸದ ತಿನಿಸನ್ನು ಪ್ರದರ್ಶಿಸಿದನು. 2020ರಲ್ಲಿ ಸಿಂಗಪುರವೂ 2023ರಲ್ಲಿ ಅಮೆರಿಕವೂ ಇದರ ಮಾರಾಟಕ್ಕೆ ಅನುಮತಿಯಿತ್ತವು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಮೀನಿನ ಮಾಂಸವನ್ನು ಹೀಗೆ ಬೆಳೆಸುವ ಯೋಜನೆಯನ್ನು 2024ರಲ್ಲಿ ಕೈಗೊಂಡಿತು.

ಇದನ್ನು ಏನೆಂದು ಕರೆಯಬೇಕು? ಬರಿಯ 'ಮಾಂಸ' ಎಂದರೆ ಅದು ಬೆಳೆದ ರೀತಿ ಮರೆಯಾಗುತ್ತದೆ. ಕುರಿ ಸಾಕುವ ರೈತನು ಇದನ್ನು ಒಪ್ಪಲಾರನು. 'ಹಿಂಸೆಯಿಲ್ಲದ ಆಹಾರ' ಎಂದಷ್ಟೇ ಬರೆದರೆ ಅದು ಪ್ರಾಣಿಯಿಂದ ಬಂದುದೆಂಬುದು ಮರೆಯಾಗುತ್ತದೆ. ವಧೆ ನಡೆಯದಿದ್ದರೂ ಜೀವಕೋಶ ಪ್ರಾಣಿಯದೇ ಅಲ್ಲವೆ? ಪ್ರಾಣಿಮೂಲದ ಆಹಾರಗಳಲ್ಲಿ ಹಾಲು, ಜೇನು ಮುಂತಾದವುಗಳನ್ನು ಬಿಟ್ಟು ಉಳಿದವು ನಮ್ಮ ನಿಯಮದಂತೆ ಮಾಂಸಾಹಾರ. ಆ ಅರ್ಥದಲ್ಲಿ ಇದಕ್ಕೂ ಕಂದು ತ್ರಿಕೋನವೇ ಸಲ್ಲುತ್ತದೆ. ಯಾವ ಪ್ರಾಣಿಯದೆಂಬುದನ್ನೂ ಹೇಳಬೇಕು. ಏಕೆಂದರೆ ಮೀನು ಒಗ್ಗದವನಿಗೆ ಪಾತ್ರೆಯಲ್ಲಿ ಬೆಳೆದ ಮೀನೂ ಅಪಾಯಕರವಾಗಬಹುದು. ಅಮೆರಿಕದಲ್ಲಿ ಇಂತಹ ಕೋಳಿಮಾಂಸಕ್ಕೆ 'ಜೀವಕೋಶದಿಂದ ಬೆಳೆಸಿದ ಕೋಳಿ' ಎಂಬರ್ಥದ ಹೆಸರು ಒಪ್ಪಿಗೆ ಪಡೆಯಿತು. ಮೂಲ, ವಿಧಾನ ಎರಡೂ ಅದರಲ್ಲಿ ಅಡಗಿವೆ.

ಇಂತಹ ಆಹಾರವನ್ನು ಉಣ್ಣುವುದೂ ಬಿಡುವುದೂ ಅವರವರ ಇಚ್ಛೆ. ಒಬ್ಬನು ಧರ್ಮವನ್ನು ನೆನೆದು ಬಿಡಬಹುದು. ಇನ್ನೊಬ್ಬನು ಪ್ರಾಣಿದಯೆಯಿಂದಲೇ ಉಣ್ಣಬಹುದು. ಆದರೆ ತಿಳಿಯದೆ ಉಂಡವನಿಗೆ ಆಯ್ಕೆಯೆಂಬುದೇ ಇರುವುದಿಲ್ಲ. ಪೊಟ್ಟಣದ ಮೇಲಿನ ನಾಲ್ಕು ಪ್ರಾಮಾಣಿಕ ಮಾತುಗಳು ಕಾಯುವುದು ಆ ಸ್ವಾತಂತ್ರ್ಯವನ್ನೇ.