ಪರದೆಯ ಮೇಲಿನ ವಾಚನಕೂಟ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಇಬ್ಬರು ಮೂವರು ಎಲ್ಲಿ ಕೂಡಿದರೂ ಮಕ್ಕಳ ಮಾತು ಬಾರದೆ ಇರದು. ಮಕ್ಕಳ ಮಾತು ಬಂದ ಮೇಲೆ ಈ ಕಾಲದಲ್ಲಿ ಒಂದು ದೂರು ಕೇಳಿಬಾರದೆ ಇರದು. "ನಮ್ಮ ಹುಡುಗಿ ಪುಸ್ತಕವನ್ನು ಮುಟ್ಟುವದಿಲ್ಲ, ಮೊಬೈಲನ್ನು ಬಿಡುವದಿಲ್ಲ" ಎಂಬದೇ ಆ ದೂರು. ಇದು ಸುಳ್ಳೆಂದು ನಾವು ಹೇಳಲಾರೆವು. ಆದರೆ ಅದೇ ಪರದೆಯನ್ನು ಸಾಧನವಾಗಿ ಮಾಡಿಕೊಂಡು ಮಕ್ಕಳನ್ನು ಪುಸ್ತಕದ ಬಳಿಗೆ ಕರೆತರುವ ಕ್ರಮವೊಂದು ಉಂಟು. ೨೦೨೦ರಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿ, ಮಕ್ಕಳು ಪರದೆಯ ಮುಂದೆ ಕೂತು ಕಲಿಯುವದನ್ನು ರೂಢಿಮಾಡಿಕೊಂಡ ಮೇಲೆ ಅದು ಹೆಚ್ಚು ಪರಿಚಿತವಾಯಿತು. ಅದನ್ನು ಅಂತರ್ಜಾಲದ ವಾಚನಕೂಟವೆಂದು ಕರೆಯಬಹುದು. ಕಳೆದ ಮಳೆಗಾಲದಲ್ಲಿ ನಾವು ಎಂಟು ಮಂದಿ ಹುಡುಗಿಯರಿಗೆ ಅಂಥ ಕೂಟವೊಂದನ್ನು ನಡಿಸಿದೆವು. ಅದರ ರೀತಿ ಏನು, ಪ್ರಯೋಜನವೇನು, ಎಚ್ಚರದಿಂದಿರಬೇಕಾದ ಸ್ಥಳಗಳು ಯಾವುವು ಎಂಬದನ್ನು ಹೆತ್ತವರ ತಿಳುವಳಿಕೆಗಾಗಿ ಇಲ್ಲಿ ಬರೆಯುತ್ತೇವೆ.

ಕೂಟದ ಏರ್ಪಾಡು ಸುಲಭವಾದದ್ದು. ಹೆಚ್ಚುಕಡಿಮೆ ಒಂದೇ ವಯಸ್ಸಿನ ಆರರಿಂದ ಹತ್ತು ಮಕ್ಕಳು, ಅವರಿಗೆ ದಾರಿ ತೋರಿಸುವದಕ್ಕೆ ಒಬ್ಬ ಹಿರಿಯಳು, ಎಲ್ಲರ ಕೈಯಲ್ಲಿಯೂ ಒಂದೇ ಪುಸ್ತಕ, ಇಷ್ಟೇ ಬೇಕಾದದ್ದು. ಆಯಾ ವಾರದ ಭಾಗವನ್ನು ಮಕ್ಕಳು ತಂತಮ್ಮ ಮನೆಯಲ್ಲಿ ಓದಿಕೊಂಡಿರುವರು. ಗೊತ್ತುಮಾಡಿದ ದಿನದ ಸಂಜೆ ಮುಕ್ಕಾಲು ಗಂಟೆಯ ಹೊತ್ತು ವೀಡಿಯೋ ಕರೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಓದಿದ್ದರ ವಿಷಯವಾಗಿ ಮಾತಾಡುವರು. ಪರೀಕ್ಷೆಯಿಲ್ಲ, ಅಂಕಗಳಿಲ್ಲ, ತಪ್ಪು ಹೇಳಿದರೆ ನಗುವವರಿಲ್ಲ. ದೂರದ ಊರಿನಲ್ಲಿರುವ ಮಗುವೂ ಹೊರದೇಶದಲ್ಲಿ ಬೆಳೆಯುತ್ತಿರುವ ಮೊಮ್ಮಗಳೂ ಒಂದೇ ಜಗಲಿಯ ಮೇಲೆ ಕೂತಂತೆ ಕೂಡಬಹುದಾದದ್ದು ಇದರ ದೊಡ್ಡ ಅನುಕೂಲವು.

ಇಂಥ ಕೂಟಗಳಲ್ಲಿ ಅದ್ಭುತ ಕಥೆಗಳನ್ನೇ ಹೆಚ್ಚಾಗಿ ಆರಿಸುವದುಂಟು. ಮಾತಾಡುವ ಪ್ರಾಣಿಗಳೂ ಮಾಯದ ಉಂಗುರಗಳೂ ಇರುವ ಕಥೆಗಳಿಂದ ಮಕ್ಕಳು ಸುಳ್ಳನ್ನು ಕಲಿತಾರೆಂದು ಕೆಲವರು ಅಂಜುತ್ತಾರೆ. ಅದು ಬರಿಯ ಅಂಜಿಕೆಯೆಂದು ನಮ್ಮ ಎಣಿಕೆ. ಅಡಗೂಲಜ್ಜಿಯ ಕಥೆಯನ್ನು ಕೇಳಿ ಬೆಳೆದ ನಾವಾರೂ ಅದನ್ನು ಊರಿನ ಸಮಾಚಾರವೆಂದು ತಿಳಿಯಲಿಲ್ಲವಷ್ಟೆ. ದಿನದಿನದ ಬಾಳಿನಲ್ಲಿ ಧೈರ್ಯ, ಮಾತಿನ ನಿಷ್ಠೆ, ಅಸೂಯೆ ಮುಂತಾದವು ನೂರು ಸಣ್ಣ ಸಂಗತಿಗಳ ನಡುವೆ ಮರೆಯಾಗಿರುತ್ತವೆ. ಅದ್ಭುತ ಕಥೆಯಲ್ಲಾದರೋ ಅವು ಎದುರಿಗೆ ಬಂದು ನಿಲ್ಲುತ್ತವೆ.

ಈ ಕಥೆಗಳಲ್ಲಿ ಹಲವು ಹುಟ್ಟಿದ್ದೇ ಮಕ್ಕಳ ಕೂಟದಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ೧೮೬೨ನೆಯ ಜುಲೈ ೪ರಂದು ದೋಣಿಯಲ್ಲಿ ಹೋಗುತ್ತಾ ಲೂಯಿಸ್ ಕ್ಯಾರೊಲ್ ಎಂಬ ಹೆಸರಿನಿಂದ ಬರೆದ ಗಣಿತದ ಉಪನ್ಯಾಸಕರು ಮೂವರು ಅಕ್ಕತಂಗಿಯರಿಗೆ ಹೇಳಿದ ಕಥೆಯೇ ಆಲಿಸಳ ಕಥೆ. ಅದರ ಹಸ್ತಪ್ರತಿಯನ್ನು ಅವರ ಗೆಳೆಯರಾದ ಜಾರ್ಜ್ ಮೆಕ್‌ಡೊನಾಲ್ಡರ ಮನೆಯಲ್ಲಿ ಮಕ್ಕಳಿಗೆ ಓದಿ ಹೇಳಲಾಯಿತು. ಆ ಮಕ್ಕಳಿಗಾದ ಸಂತೋಷವೂ ಅದನ್ನು ೧೮೬೫ರಲ್ಲಿ ಅಚ್ಚುಹಾಕಿಸುವದಕ್ಕೆ ಒಂದು ಕಾರಣವಾಯಿತು. ಟೋಲ್ಕೀನರ ‘ದಿ ಹಾಬಿಟ್’ ಎಂಬ ಕಥೆಯು ೧೯೩೭ರಲ್ಲಿ ಅಚ್ಚಾಗುವ ಮೊದಲು ಪ್ರಕಾಶಕರು ಅದನ್ನು ತಮ್ಮ ಹತ್ತು ವರ್ಷದ ಮಗನ ಕೈಗೆ ಕೊಟ್ಟು, ಅವನ ಅಭಿಪ್ರಾಯವನ್ನು ಬರೆಯಿಸಿಕೊಂಡು, ಅವನಿಗೆ ಒಂದು ಶಿಲ್ಲಿಂಗ್ ಕೂಲಿ ಕೊಟ್ಟರಂತೆ. ಮಗುವಿನ ತೀರ್ಮಾನಕ್ಕೆ ಬೆಲೆಯುಂಟೆಂದು ತಿಳಿದವರ ರೀತಿ ಇದು.

ನಾವು ಆರಿಸಿಕೊಂಡ ಪುಸ್ತಕವು ಮೇಲೆ ಹೇಳಿದ ಮೆಕ್‌ಡೊನಾಲ್ಡರು ಬರೆದು, ೧೮೭೨ರಲ್ಲಿ ಪುಸ್ತಕವಾಗಿ ಹೊರಟ ‘ದಿ ಪ್ರಿನ್ಸೆಸ್ ಆ್ಯಂಡ್ ದಿ ಗಾಬ್ಲಿನ್’ ಎಂಬದು. ೧೮೨೪ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಇವರು ಮೊದಲು ಸಭಾಪಾಲಕರಾಗಿದ್ದು, ೧೮೫೩ರಲ್ಲಿ ಆ ಕೆಲಸವನ್ನು ಬಿಟ್ಟು, ಬರಹದಿಂದಲೂ ಉಪನ್ಯಾಸಗಳಿಂದಲೂ ಹನ್ನೊಂದು ಮಕ್ಕಳ ಸಂಸಾರವನ್ನು ಸಾಕಿದವರು, ೧೯೦೫ರಲ್ಲಿ ತೀರಿಹೋದರು. ಪುಸ್ತಕದಲ್ಲಿ ೩೨ ಅಧ್ಯಾಯಗಳು. ವಾರಕ್ಕೆ ನಾಲ್ಕರಂತೆ ಎಂಟು ವಾರಗಳಲ್ಲಿ ಮುಗಿಸಿದೆವು.

ಕಥೆಯ ಸಾರಾಂಶವಿದು. ಐರೀನ್ ಎಂಬ ಎಂಟು ವರ್ಷದ ರಾಜಕುಮಾರಿಯು ಬೆಟ್ಟದ ಮೇಲಿನ ದೊಡ್ಡ ಮನೆಯಲ್ಲಿ ದಾದಿಯ ಕೈಕೆಳಗೆ ಬೆಳೆಯುತ್ತಿರುವಳು. ಬೆಟ್ಟದ ಒಡಲೊಳಗೆ ಗಾಬ್ಲಿನ್‌ಗಳೆಂಬ ವಿಕಾರ ರೂಪದ ಜೀವಿಗಳಿವೆ. ಅವುಗಳ ತಲೆ ಕಲ್ಲಿನಂತೆ ಗಟ್ಟಿ, ಪಾದ ಮಾತ್ರ ಬಹು ಮೆತ್ತಗೆ, ಪದ್ಯದ ಧ್ವನಿಯನ್ನಂತೂ ಸಹಿಸಲಾರವು. ಒಂದು ಮಳೆಯ ದಿನ ಐರೀನಳು ಮೆಟ್ಟಲುಗಳಲ್ಲಿ ದಾರಿ ತಪ್ಪಿ ಮೇಲಿನ ಗೋಪುರಕ್ಕೆ ಹೋಗಿ, ಅಲ್ಲಿ ನೂಲುತ್ತಾ ಕೂತಿರುವ ಮುತ್ತಜ್ಜಿಯನ್ನು ಕಾಣುವಳು. ದಾದಿ ಇದನ್ನು ನಂಬುವದಿಲ್ಲ. ಮುತ್ತಜ್ಜಿಯು ಐರೀನಳಿಗೆ ಒಂದು ಉಂಗುರವನ್ನೂ ಅದಕ್ಕೆ ಕಟ್ಟಿದ, ಕಣ್ಣಿಗೆ ಕಾಣದಷ್ಟು ನವುರಾದ ನೂಲನ್ನೂ ಕೊಟ್ಟು, ಅಪಾಯ ಬಂದಾಗ ಆ ನೂಲನ್ನು ಬಿಡದೆ ಹಿಂಬಾಲಿಸಬೇಕೆಂದು ಹೇಳುವಳು. ಆ ನೂಲು ಒಂದು ದಿನ ಅವಳನ್ನು ಬೆಟ್ಟದ ಕತ್ತಲೆಯೊಳಗೆ ನಡಿಸುವದು. ಅಲ್ಲಿ ಗಾಬ್ಲಿನ್‌ಗಳ ಸೆರೆಯಲ್ಲಿದ್ದ ಕರ್ಡಿ ಎಂಬ ಗಣಿಯ ಹುಡುಗನನ್ನು ಅವಳು ಬಿಡಿಸುವಳು.

ಪ್ರತಿ ಕೂಟದ ಮೊದಲ ಕೆಲಸವು ಓದಿದ್ದನ್ನು ತಿರುಗಿ ಹೇಳುವದು. ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲಟ್ ಮೇಸನ್ (೧೮೪೨–೧೯೨೩) ಎಂಬವರು ತಮ್ಮ ಬೋಧನಾಕ್ರಮದಲ್ಲಿ ಇದಕ್ಕೆ ಮುಖ್ಯ ಸ್ಥಾನವನ್ನು ಕೊಟ್ಟಿದ್ದರು. ನಮ್ಮ ಹುಡುಗಿಯರು ಇಂಗ್ಲಿಷಿನಲ್ಲಿ ಓದಿದ್ದನ್ನು ಮನೆಯ ಕನ್ನಡದಲ್ಲಿ ಹೇಳುತ್ತಿದ್ದರು. ಅರ್ಥವಾಗದ ವಾಕ್ಯವನ್ನು ಬಾಯಿಪಾಠ ಒಪ್ಪಿಸಬಹುದು, ಬೇರೆ ಭಾಷೆಯಲ್ಲಿ ಹೇಳಲಿಕ್ಕಾಗದು. ಆದಕಾರಣ ಯಾರಿಗೆ ಎಲ್ಲಿ ತೊಡಕಾಯಿತೆಂಬದು ಕೂಡಲೇ ತಿಳಿಯುತ್ತಿತ್ತು. ಎರಡನೆಯ ಕೆಲಸವು ಒಂದು ಪುಟವನ್ನು ಗಟ್ಟಿಯಾಗಿ ಓದುವದು. ಮೂರನೆಯದು ಪ್ರಶ್ನೆ. ಕೂಟದ ಜೀವವೆಲ್ಲ ಈ ಮೂರನೆಯದರಲ್ಲಿರುವದು; ನಾವು ಎಡವಿದ್ದೂ ಇಲ್ಲಿಯೇ.

ಐರೀನಳು ತಾನು ಬಿಡಿಸಿದ ಕರ್ಡಿಯನ್ನು ಗೋಪುರಕ್ಕೆ ಕರೆದುಕೊಂಡು ಹೋಗುವ ಸ್ಥಳವೊಂದುಂಟು. ಅವಳ ಕಣ್ಣಿಗೆ ಮುತ್ತಜ್ಜಿಯು ಎದುರಿಗೇ ಇದ್ದಾಳೆ. ಕರ್ಡಿಗೆ ಕಾಣುವದು ಹುಲ್ಲಿನ ರಾಶಿ, ಬಾಡಿದ ಸೇಬು, ಒಂದು ಬಿಸಿಲಕೋಲು ಮಾತ್ರ. ತನ್ನನ್ನು ಹಾಸ್ಯಮಾಡುತ್ತಿದ್ದಾಳೆಂದು ಅವನು ಸಿಟ್ಟಿನಿಂದ ಹೊರಟುಹೋಗುವನು, ಅವಳು ಅಳುವಳು. ಇದನ್ನು ಓದಿದ ವಾರ ನಾವು "ಇದರಿಂದ ನೀವು ಕಲಿತ ನೀತಿ ಯಾವದು?" ಎಂದು ಕೇಳಿದೆವು. "ನಂಬಿಕೆ ಇಡಬೇಕು" ಎಂದು ಎಂಟು ಹುಡುಗಿಯರೂ ಒಂದೇ ರಾಗದಲ್ಲಿ ಹೇಳಿ ಸುಮ್ಮನಾದರು. ಮಾತು ಅಲ್ಲಿಗೇ ತೀರಿತು. ನಮಗೆ ಬೇಕಾದ ಉತ್ತರವನ್ನು ಅವರು ಕೊಟ್ಟರು. ಅವರ ಮನಸ್ಸಿನಲ್ಲಿದ್ದದ್ದು ಅಲ್ಲಿಯೇ ಉಳಿಯಿತು.

ಮರುವಾರ ಅದೇ ಸ್ಥಳವನ್ನು ತಿರುಗಿ ಓದಿಸಿ, ಪ್ರಶ್ನೆಯನ್ನು ಬದಲಾಯಿಸಿದೆವು: "ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು?" ಎಂದು ಕೇಳಿದೆವು. ಕೆಲವರು ಕರ್ಡಿಯ ಪಕ್ಷ ಹಿಡಿದರು, ಕೆಲವರು ಐರೀನಳ ಪಕ್ಷ. ಅಷ್ಟರಲ್ಲಿ, ಅಲ್ಲಿಯ ವರೆಗೆ ಬಾಯಿ ತೆರೆಯದಿದ್ದ ಹುಡುಗಿಯೊಬ್ಬಳು, "ಅಕ್ಕಾ, ಇಬ್ಬರೂ ಸುಳ್ಳು ಹೇಳಲಿಲ್ಲ. ತಮಗೆ ಕಂಡದ್ದನ್ನು ಹೇಳಿದರು. ನಾನು ನಿಜ ಹೇಳಿದರೂ ಮನೆಯಲ್ಲಿ ನಂಬಲಿಲ್ಲ, ನನಗೂ ಹಾಗೇ ಅಳು ಬಂದಿತ್ತು" ಎಂದಳು. ಎಲ್ಲರೂ ಇರುವಾಗ ಕೆದಕುವದು ಸರಿಯಲ್ಲವೆಂದು ನಾವು ಅಷ್ಟಕ್ಕೇ ಬಿಟ್ಟು, ಆಮೇಲೆ ಅವಳ ಒಪ್ಪಿಗೆಯಿಂದ ಅವಳ ತಾಯಿಯ ಸಂಗಡ ಮಾತಾಡಿದೆವು. ತರಗತಿಯ ಕಪ್ಪುಹಲಗೆ ತನಗೆ ಕಾಣುವದಿಲ್ಲವೆಂದು ಅವಳು ಹಲವು ಸಲ ಹೇಳಿದ್ದಳಂತೆ. ಓದುವದಕ್ಕೆ ಬೇಸತ್ತು ಹುಡುಕಿದ ನೆವವೆಂದು ಮನೆಯವರು ತಿಳಿದಿದ್ದರು. ಕಣ್ಣಿನ ವೈದ್ಯರಿಗೆ ತೋರಿಸಿದ್ದರಲ್ಲಿ ಅವಳ ಮಾತು ನಿಜವೆಂದು ತಿಳಿದುಬಂತು. ಈಗ ಕನ್ನಡಕ ಹಾಕಿಕೊಳ್ಳುತ್ತಾಳೆ.

ಎಲ್ಲಾ ಕೂಟಗಳಲ್ಲಿಯೂ ಹೀಗೆಯೇ ಆಗುವದೆಂದು ನಾವು ಹೇಳುವದಿಲ್ಲ. ಆದರೆ ಮಗುವು ತನ್ನ ವಿಷಯ ನೇರವಾಗಿ ಹೇಳಲಾರದ್ದನ್ನು ಕಥೆಯ ಹುಡುಗಿಯ ನೆವದಿಂದ ಹೇಳಬಲ್ಲದು. ದಾರಿ ತೋರಿಸುವವರು ನೀತಿಯನ್ನು ತಾವೇ ಮೊದಲು ಹೇಳಿಬಿಟ್ಟರೆ ಆ ಬಾಗಿಲು ಮುಚ್ಚುವದು. ಒಂದೇ ಉತ್ತರವುಳ್ಳ ಪ್ರಶ್ನೆಯನ್ನು ಕೇಳದಿರುವದು, ಕೇಳಿದ ಮೇಲೆ ಉತ್ತರ ಬರುವ ತನಕ ಕಾದಿರುವದು, ಇವೆರಡೇ ಮಾರ್ಗದರ್ಶನದ ಗುಟ್ಟು.

ಹೆತ್ತವರು ನೆನಪಿನಲ್ಲಿಡತಕ್ಕ ಕೆಲವು ಮಾತುಗಳುಂಟು. ಕೂಟವನ್ನು ನಡಿಸುವವರು ನಿಮಗೆ ಚೆನ್ನಾಗಿ ಗೊತ್ತಿದ್ದವರಾಗಿರಬೇಕು. ಮಗುವು ಬಾಗಿಲು ಹಾಕಿದ ಕೋಣೆಯಲ್ಲಿ ಕೂತಿರದೆ, ಮನೆಯವರ ಕಿವಿಗೆ ಮಾತು ಬೀಳುವ ಸ್ಥಳದಲ್ಲಿರಬೇಕು. ಕರೆಯ ಕೊಂಡಿಯನ್ನು ಅನ್ಯರಿಗೆ ಕಳುಹಿಸಬಾರದು. ಮಕ್ಕಳ ಮುಖವನ್ನೂ ಮಾತನ್ನೂ ಯಾರೂ ಮುದ್ರಿಸಿಕೊಳ್ಳಬಾರದು. ಪರದೆಯು ಕೂಡುವದಕ್ಕೆ ಮಾತ್ರ ಇರಲಿ. ಓದುವದಕ್ಕೆ ಕಾಗದದ ಪುಸ್ತಕವೇ ಕೈಯಲ್ಲಿರಲಿ. ಕೊಂಡುಕೊಳ್ಳುವದು ಕಷ್ಟವಾದರೆ, ಮೈಕೆಲ್ ಹಾರ್ಟ್ ಎಂಬವರು ೧೯೭೧ರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರ್ಜಾಲ ಭಂಡಾರದಲ್ಲಿ ಈ ಪುಸ್ತಕವು ಉಚಿತವಾಗಿ ದೊರೆಯುವದು. ೨೦೦೫ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಎಂಬಲ್ಲಿ ಇದನ್ನು ಓದಿದ ಧ್ವನಿಯನ್ನೂ ಕೇಳಬಹುದು.

ಇಂಗ್ಲಿಷ್ ಪುಸ್ತಕವೇ ಆಗಬೇಕೆಂಬ ನಿಯಮವೇನೂ ಇಲ್ಲ. ಆಲಿಸಳ ಕಥೆಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದಿದ್ದಾರೆ; ಬ್ರೌನಿಂಗ್ ಕವಿಯ ಪದ್ಯವನ್ನು ಅನುಸರಿಸಿ ಕುವೆಂಪು ಅವರು ಬರೆದ ಕಿಂದರಿಜೋಗಿಯ ಕಥೆಯಂತೂ ಮನೆಮನೆಯ ಮಾತು. ಕೊಟ್ಟ ಮಾತಿಗೆ ತಪ್ಪಿದ ಊರಿನವರ ವಿಷಯ ಮಕ್ಕಳು ಏನನ್ನುತ್ತಾರೆಂದು ಒಂದು ಸಂಜೆ ಕೇಳಿ ನೋಡಿರಿ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಮ್ಮಲ್ಲಿ ಅನೇಕರಿಗೆ ಈಗ ವಾರದಲ್ಲಿ ಮುಕ್ಕಾಲು ಗಂಟೆಯ ಬಿಡುವು ಇಲ್ಲದಿಲ್ಲ. ಮುಂದಿನ ರಜೆಯೊಳಗಾಗಿ ನಿಮ್ಮಲ್ಲಿ ಕೆಲವರಾದರೂ ಆರು ಮಕ್ಕಳನ್ನು ಕೂಡಿಸಿ, ಒಂದು ಒಳ್ಳೆಯ ಪುಸ್ತಕವನ್ನು ತೆರೆದು, ಅವರ ಮಾತನ್ನು ತಾಳ್ಮೆಯಿಂದ ಕೇಳುವಿರೆಂದು ಹಾರೈಸುತ್ತೇವೆ.