ಒಗೆದು ತೊಡುವುದೋ, ತೊಟ್ಟು ಎಸೆಯುವುದೋ?

ಮಡಿಬಟ್ಟೆ ಎಂದರೆ ಹೊಸ ಬಟ್ಟೆಯಲ್ಲ, ಒಗೆದು ಒಣಗಿಸಿದ ಬಟ್ಟೆ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೂ ಬಹುಕಾಲ ಇದೇ ಕ್ರಮವಿತ್ತು. ವೈದ್ಯರ ನಿಲುವಂಗಿ, ರೋಗಿಗೆ ಹೊದಿಸುವ ಹಸಿರು ಬಟ್ಟೆ ಎಲ್ಲವೂ ಹತ್ತಿಯವು. ಅವನ್ನು ಒಗೆದು, ಆಟೋಕ್ಲೇವ್ ಎಂಬ ಯಂತ್ರದಲ್ಲಿಟ್ಟು, 121 ಡಿಗ್ರಿ ಸೆಲ್ಸಿಯಸ್ ಶಾಖದ ಹಬೆಯನ್ನು ಒತ್ತಡದಲ್ಲಿ ಹಾಯಿಸಿದರೆ ರೋಗಾಣುಗಳು ಸಾಯುತ್ತವೆ. ಅಡುಗೆಮನೆಯ ಪ್ರೆಶರ್ ಕುಕ್ಕರಿನದೂ ಇದೇ ತತ್ವ. ಅದರಲ್ಲಿ ಬೇಯುವುದು ಅನ್ನ, ಇದರಲ್ಲಿ ಬಟ್ಟೆ, ಅಷ್ಟೆ.

ಈಗ ಅನೇಕ ಕಡೆ ಒಮ್ಮೆ ತೊಟ್ಟು ಎಸೆಯುವ ನಿಲುವಂಗಿ ಬಂದಿದೆ. ಬಟ್ಟೆ ಎನ್ನುತ್ತೇವಾದರೂ ಇದಕ್ಕೆ ನೂಲೂ ಇಲ್ಲ, ಮಗ್ಗವೂ ಇಲ್ಲ. ಪೆಟ್ರೋಲಿಯಂ ಮೂಲದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕನ್ನು ಕರಗಿಸಿ, ಕೂದಲಿಗಿಂತ ತೆಳುವಾದ ಎಳೆಗಳಾಗಿ ಹರಡಿ, ಶಾಖದಿಂದ ಬೆಸೆಯುತ್ತಾರೆ. ಇದರ ಗುಣವನ್ನು ಅಲ್ಲಗಳೆಯಲಾಗದು. ಹತ್ತಿ ನೆನೆದರೆ ರಕ್ತದೊಡನೆ ರೋಗಾಣುವೂ ಒಳಗಿಳಿಯುತ್ತದೆ, ಇದು ತಡೆಯುತ್ತದೆ. 2020ರಲ್ಲಿ ಕೊರೋನಾ ಬಂದಾಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಮುಖಗವಸು, ರಕ್ಷಣಾ ಉಡುಪುಗಳನ್ನು ಹೊಲಿದವು. ಅಂಥ ಉಡುಪಿನೊಳಕ್ಕೆ ರಕ್ತ ನುಗ್ಗುವುದೋ ಎಂದು ಕೃತಕ ರಕ್ತದಿಂದ ಪರೀಕ್ಷಿಸಿದ್ದು ಕೊಯಮತ್ತೂರಿನ ಸಿಟ್ರಾ, ಎಂದರೆ 1956ರಲ್ಲಿ ಆರಂಭವಾದ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಸ್ಥೆ.

ತೊಡಕಿರುವುದು ಕಳಚಿದ ಮೇಲೆ. ರಕ್ತ ತಗುಲಿದ ಉಡುಪು 2016ರ ನಿಯಮದಂತೆ ಹಳದಿ ಚೀಲ ಸೇರುತ್ತದೆ. ಅಲ್ಲಿಂದ ಸಾಮಾನ್ಯವಾಗಿ ದಹನದ ಕುಲುಮೆಗೆ. 1 ಕಿಲೋ ಪಾಲಿಪ್ರೊಪಿಲೀನ್ ಪೂರ್ತಿ ಉರಿದರೆ 3 ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಒಂದು ಮೂರಾದದ್ದು ಹೇಗೆ? ಗಾಳಿಯ ಆಮ್ಲಜನಕ ಕೂಡಿಕೊಂಡಿತಲ್ಲ! ಹತ್ತನೆಯ ತರಗತಿಯವರು ಲೆಕ್ಕ ಮಾಡಿ ನೋಡಬಹುದು.

ಹಾಗಾದರೆ ಒಗೆಯುವುದೇ ಸರಿಯೆ? ನೊಯ್ಯಲ್ ನದಿಯನ್ನು ಬಲ್ಲವರು ಅಷ್ಟು ಆತುರಪಡರು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಕೂಡುವ ಈ ನದಿಗೆ ತಿರುಪ್ಪೂರಿನ ಬಣ್ಣದ ಘಟಕಗಳು ವರ್ಷಗಟ್ಟಲೆ ಉಪ್ಪು, ಬಣ್ಣ ಬೆರೆತ ನೀರನ್ನು ಬಿಟ್ಟವು. ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ಆ ನೀರೇ ನಿಂತಿತು. ರೈತರ ಬಾವಿಗಳು ಕೆಟ್ಟವು, ಹೊಲಗಳು ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಆ ಘಟಕಗಳನ್ನೇ ಮುಚ್ಚಿಸಿತು. ಆಸ್ಪತ್ರೆಯ ಒಗೆತ ಬಣ್ಣ ಅದ್ದುವುದರಷ್ಟು ಕೆಡುಕಿನದಲ್ಲ, ನಿಜ. ಆದರೆ ಅದಕ್ಕೂ ನೀರು ಬೇಕು, ನೀರು ಕಾಯಿಸಲು ಉರುವಲು ಬೇಕು. ಸೋಪಿನ ನೀರನ್ನು ಶುದ್ಧಮಾಡದೆ ಚರಂಡಿಗೆ ಬಿಟ್ಟರೆ ಹಾನಿ ಕೆಳಗಿನ ಊರಿನವರಿಗೆ.

ಇಷ್ಟೆಲ್ಲ ತೂಗಿದರೂ ತಕ್ಕಡಿ ಮರುಬಳಕೆಯ ಕಡೆಗೇ ವಾಲುತ್ತದೆಂದು ನನಗೆ ತೋರುತ್ತದೆ. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮದುರೆಯಲ್ಲಿ ಆರಂಭಿಸಿದ ಅರವಿಂದ್ ಕಣ್ಣಿನ ಆಸ್ಪತ್ರೆಗೆ ಕೊಯಮತ್ತೂರಿನಲ್ಲೂ ಶಾಖೆಯುಂಟು. ಅಲ್ಲಿನ ಕ್ರಮದಲ್ಲಿ ಬಟ್ಟೆ, ಉಪಕರಣಗಳು ಬಹುಪಾಲು ಮರಳಿ ಬಳಕೆಯಾಗುತ್ತವೆ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿ ಒಂದು ಪೊರೆ ಶಸ್ತ್ರಚಿಕಿತ್ಸೆಯಿಂದ ಬರುವ ಕಸ 250 ಗ್ರಾಂ. ಹಸಿರುಮನೆ ಅನಿಲ ಸುಮಾರು 6 ಕಿಲೋ, ಬ್ರಿಟನ್ನಿನಲ್ಲಿ ಆಗುವುದರ ಇಪ್ಪತ್ತರಲ್ಲಿ ಒಂದು ಪಾಲು. ಚಿಕಿತ್ಸೆಯ ಫಲಿತಾಂಶ ಮಾತ್ರ ಅಲ್ಲಿಯದಕ್ಕೆ ಸಮ. ಆ 6 ಕಿಲೋದಲ್ಲೂ ಹೆಚ್ಚಿನ ಪಾಲು ಉಪಕರಣಗಳ ರೋಗಾಣು ನಾಶದ ಕೆಲಸದ್ದೇ.

ಒಗೆದು ಬಳಸುವ ಇಂದಿನ ನಿಲುವಂಗಿಗಳು ಹೆಚ್ಚಾಗಿ ಒತ್ತಾಗಿ ನೇಯ್ದ ಪಾಲಿಯೆಸ್ಟರಿನವು. ಅವೂ ಚಿರಂಜೀವಿಗಳಲ್ಲ, ಒಗೆದಂತೆ ಒಗೆದಂತೆ ರಕ್ತ ತಡೆಯುವ ಶಕ್ತಿ ಕುಂದುತ್ತದೆ. ಅದಕ್ಕೆಂದೇ ಕೆಲವು ಅಂಗಿಗಳ ಮೇಲೆ ಚಿಕ್ಕ ಚೌಕಗಳನ್ನು ಅಚ್ಚುಹಾಕಿರುತ್ತಾರೆ. ಪ್ರತಿ ಒಗೆತಕ್ಕೂ ಒಂದು ಚೌಕದಲ್ಲಿ ಗುರುತು; ಚೌಕಗಳು ತುಂಬಿದ ದಿನ ಅಂಗಿಗೆ ನಿವೃತ್ತಿ.