ತೋಡಿನಲ್ಲಿ ಹರಿಯುವ ಸಂಗೀತ

ಸಂಗೀತವನ್ನು ಕಿವಿಯಿಂದ ಕೇಳುತ್ತೇವೆ. ಅದನ್ನು ಕೈಯಿಂದ ಹಿಡಿಯುವುದು ಸಾಧ್ಯವೇ? ಗ್ರಾಮಾಫೋನ್ ತಟ್ಟೆಯ ಮಟ್ಟಿಗೆ ಸಾಧ್ಯವೆಂದೇ ಹೇಳಬೇಕು. ತಟ್ಟೆಯ ಒಂದು ಪಕ್ಕದಲ್ಲಿ ಹೊರ ಅಂಚಿನಿಂದ ಒಳಕ್ಕೆ ಸುತ್ತಿ ಬರುವ ಒಂದೇ ಒಂದು ಸುರುಳಿ ತೋಡು ಇರುತ್ತದೆ. ಗಾಯಕರ ಕಂಠ, ವಾದ್ಯಗಳ ದನಿ ಎಲ್ಲವೂ ಆ ತೋಡಿನ ಗೋಡೆಗಳ ಅಂಕುಡೊಂಕುಗಳಾಗಿ ಅಡಗಿರುತ್ತವೆ. ಕಾಲದಲ್ಲಿ ಹರಿದುಹೋಗುವ ನಾದವು ಇಲ್ಲಿ ಉದ್ದವಾಗಿ ಮಾರ್ಪಟ್ಟು ನಿಂತಿದೆ. ಆದುದರಿಂದ ಅದನ್ನು ಬೆರಳಿನಿಂದ ತಡೆಯಬಹುದು, ಹಿಂದಕ್ಕೆ ತಿರುಗಿಸಬಹುದು, ಮುಂದಕ್ಕೆ ತಳ್ಳಬಹುದು.

ಹೀಗೆ ತಟ್ಟೆಯನ್ನೇ ವಾದ್ಯವಾಗಿ ನುಡಿಸುವವರನ್ನು ಡಿಸ್ಕ್ ಜಾಕಿ, ಸಂಕ್ಷೇಪವಾಗಿ ಡೀಜೇ, ಎಂದು ಕರೆಯುತ್ತಾರೆ. ಅವರಲ್ಲಿ ಅಗ್ರಗಣ್ಯರಾದ ಫ್ರ್ಯಾಂಕಿ ನಕಲ್ಸ್ 1955ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದರು. 1977ರಲ್ಲಿ ಶಿಕಾಗೋ ನಗರಕ್ಕೆ ಬಂದು ವೇರ್‌ಹೌಸ್ ಎಂಬ ನೃತ್ಯಶಾಲೆಯಲ್ಲಿ ತಟ್ಟೆ ನುಡಿಸತೊಡಗಿದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಮಂದಿ ಆಫ್ರಿಕನ್ ಮತ್ತು ಲ್ಯಾಟಿನ್ ಅಮೆರಿಕನ್ ಮೂಲದವರು, ಅನೇಕರು ಸಲಿಂಗಪ್ರೇಮಿಗಳು. ಬೇರೆಡೆ ಅನಾದರವನ್ನು ಉಂಡವರಿಗೆ ಆ ಶಾಲೆಯು ಆಶ್ರಯವಾಗಿದ್ದಿತು. ಅದರ ಹೆಸರಿನ ಉತ್ತರಾರ್ಧದಿಂದಲೇ ‘ಹೌಸ್’ ಸಂಗೀತಕ್ಕೆ ಆ ಹೆಸರು ಬಂದಿತು. ಇಗರ್ಜಿಯ ಗಾಯನದಲ್ಲಿ ಪಳಗಿದ ಭಾವಭರಿತ ಕಂಠ ಒಂದು ಕಡೆ, ವಿದ್ಯುನ್ಮಾನ ಯಂತ್ರವು ಒಂದೇ ಸಮನೆ ಹಾಕುವ ನಾಲ್ಕು ಪೆಟ್ಟಿನ ತಾಳ ಇನ್ನೊಂದು ಕಡೆ. ಇವೆರಡರ ಕೂಟವೇ ಈ ಸಂಗೀತದ ಜೀವಾಳ.

ಸೂಜಿಯ ಪಯಣ

ಹಳೆಯ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಆ ಅರಗಿನ ಬಹುಭಾಗ ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಯ ಒಂದು ಪಕ್ಕ ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತಿತ್ತು. 1948ರಲ್ಲಿ ಕೊಲಂಬಿಯ ಕಂಪನಿಯು ವಿನೈಲ್ ಪ್ಲಾಸ್ಟಿಕ್ಕಿನಿಂದ ಮಾಡಿದ, ನಿಮಿಷಕ್ಕೆ 33⅓ ಸುತ್ತಿನ ತಟ್ಟೆಯನ್ನು ಹೊರತಂದಿತು. ತೋಡು ಸೂಕ್ಷ್ಮವಾಯಿತು, ಒಂದು ಪಕ್ಕದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯಿತು.

ಈ ತಟ್ಟೆ ಒಂದು ಸುತ್ತು ತಿರುಗಲು 1.8 ಸೆಕೆಂಡು ಬೇಕು. ಹೊರ ಅಂಚಿನ ತೋಡಿನ ತ್ರಿಜ್ಯ ಸುಮಾರು 14.6 ಸೆಂಟಿಮೀಟರು. ಲೆಕ್ಕ ಹಾಕಿದರೆ ಅಲ್ಲಿ ಸೂಜಿಯ ಕೆಳಗೆ ತೋಡು ಸೆಕೆಂಡಿಗೆ 51 ಸೆಂಟಿಮೀಟರು ಓಡುತ್ತದೆ. 6 ಸೆಂಟಿಮೀಟರು ತ್ರಿಜ್ಯದ ಒಳಸುತ್ತಿನಲ್ಲಾದರೋ ಈ ವೇಗ 21 ಸೆಂಟಿಮೀಟರಿಗೆ ಇಳಿಯುತ್ತದೆ. ಸೆಕೆಂಡಿಗೆ 10,000 ಸಲ ಕಂಪಿಸುವ ತಾರನಾದದ ಒಂದು ಅಲೆಗೆ ಹೊರಸುತ್ತಿನಲ್ಲಿ ಮಿಲಿಮೀಟರಿನ ನೂರರಲ್ಲಿ ಐದು ಪಾಲು ಜಾಗ ಸಿಕ್ಕಿದರೆ, ಒಳಸುತ್ತಿನಲ್ಲಿ ಎರಡು ಪಾಲು ಮಾತ್ರ. ಸಾಧಾರಣ ಸೂಜಿಯ ತುದಿಯ ತ್ರಿಜ್ಯವೂ ಹೆಚ್ಚು ಕಡಮೆ ಅಷ್ಟೇ. ಆದಕಾರಣ ಒಳಸುತ್ತುಗಳಲ್ಲಿ ಸೂಜಿಯು ಅಲೆಯನ್ನು ಪೂರ್ಣವಾಗಿ ಅನುಸರಿಸಲಾರದೆ ನಾದದ ಹೊಳಪು ಕುಂದುತ್ತದೆ.

ಮಂದ್ರನಾದದ ತೊಂದರೆ ಬೇರೆ ಬಗೆಯದು. ಅದಕ್ಕೆ ತೋಡು ಅಗಲವಾಗಿ ತೊನೆಯಬೇಕು. ತೊನೆದರೆ ಪಕ್ಕದ ಸುತ್ತಿಗೆ ತಾಗುತ್ತದೆ. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿ, ನುಡಿಸುವಾಗ ಅದಕ್ಕೆ ವಿಪರೀತವಾಗಿ ಸರಿಪಡಿಸುತ್ತಾರೆ. 1970ರ ದಶಕದ ನಡುವಿನಲ್ಲಿ ನೃತ್ಯಶಾಲೆಗಳಿಗಾಗಿ ಇನ್ನೊಂದು ಉಪಾಯ ಹೊಳೆಯಿತು: 12 ಅಂಗುಲದ ತಟ್ಟೆಯ ಒಂದು ಪಕ್ಕಕ್ಕೆಲ್ಲ ಒಂದೇ ಹಾಡನ್ನು ಹರಡುವುದು. ಸುತ್ತುಗಳ ನಡುವೆ ಎಡೆ ಹೆಚ್ಚಿ, ಮದ್ದಲೆಯ ಪೆಟ್ಟು ಎದೆಗೆ ತಾಗುವಷ್ಟು ಬಲವಾಯಿತು.

ಎರಡು ತಟ್ಟೆ, ಒಂದು ತಾಳ

ಡೀಜೇಯ ಮುಂದೆ ಎರಡು ತಿರುಗಣೆಗಳಿರುತ್ತವೆ. ಒಂದು ಹಾಡು ಮುಗಿಯುವ ಮುನ್ನ ಇನ್ನೊಂದನ್ನು ಅದರೊಡನೆ ತಾಳಗೂಡಿಸಿ ಸೇರಿಸಬೇಕು. ಕುಣಿಯುವವರ ಹೆಜ್ಜೆ ತಪ್ಪಬಾರದು. ಮೊದಲನೆಯದು ನಿಮಿಷಕ್ಕೆ 124 ಪೆಟ್ಟು, ಎರಡನೆಯದು 120 ಪೆಟ್ಟು ಎನ್ನೋಣ. ಎರಡನೆಯ ತಟ್ಟೆಯ ವೇಗವನ್ನು ನೂರಕ್ಕೆ 3.3ರಷ್ಟು ಹೆಚ್ಚಿಸಬೇಕು. ಆದರೆ ವೇಗದೊಡನೆ ಶ್ರುತಿಯೂ ಏರುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕಿರುವ ಅಂತರವು ನೂರಕ್ಕೆ ಸುಮಾರು 6. ಎಂದರೆ ಹಾಡು ಅರ್ಧ ಸ್ವರಸ್ಥಾನಕ್ಕಿಂತ ತುಸು ಮೇಲಕ್ಕೆ ಹೋಯಿತು. ತಾಳ ಕೂಡಿದರೂ ಶ್ರುತಿ ಕೂಡುವುದೇ ಎಂಬುದನ್ನು ಕಿವಿಯೇ ತೀರ್ಮಾನಿಸಬೇಕು. ವೇಗದಲ್ಲಿ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ ಉಳಿದರೂ ಒಂದು ನಿಮಿಷದಲ್ಲಿ ಪೆಟ್ಟುಗಳು 0.06 ಸೆಕೆಂಡು ಅಗಲುತ್ತವೆ; ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಅದನ್ನು ಬೆರಳಿನಿಂದ ಮೆಲ್ಲನೆ ತಿದ್ದುತ್ತಿರಬೇಕು.

ಇದಕ್ಕೆ ನೆರವಾದುದು ಜಪಾನಿನ ಮತ್ಸುಶಿಟ ಕಂಪನಿಯ ಟೆಕ್ನಿಕ್ಸ್ ತಿರುಗಣೆ. ಅದರಲ್ಲಿ ರಬ್ಬರು ಪಟ್ಟಿಯಿಲ್ಲ. ಮೋಟಾರು ನೇರವಾಗಿ ತಿರುಗಣೆಯನ್ನೇ ತಿರುಗಿಸುತ್ತದೆ. 1979ರ ಮಾದರಿಯು 0.7 ಸೆಕೆಂಡಿನಲ್ಲಿ ಪೂರ್ಣ ವೇಗಕ್ಕೆ ಬರುತ್ತಿತ್ತು. ವೇಗವನ್ನು ನೂರಕ್ಕೆ 8ರವರೆಗೆ ಏರಿಳಿಸಬಹುದಾಗಿತ್ತು. ತಟ್ಟೆಯ ಕೆಳಗೆ ನಯವಾದ ಬಟ್ಟೆಯ ಬಿಲ್ಲೆಯನ್ನು ಹಾಕಿದರೆ ಘರ್ಷಣೆ ತಗ್ಗಿ, ತಿರುಗಣೆ ತಿರುಗುತ್ತಿರುವಂತೆಯೇ ತಟ್ಟೆಯನ್ನು ಕೈಯಿಂದ ಹಿಡಿದು ನಿಲ್ಲಿಸಲು ಬರುತ್ತದೆ. ಕೈ ಬಿಟ್ಟೊಡನೆ ಹಾಡು ಹೊರಡುತ್ತದೆ.

ಒಡೆದವು, ಉಳಿದವು

1979ರ ಜುಲೈ 12ರಂದು ಶಿಕಾಗೋವಿನ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವೆ, ಡಿಸ್ಕೋ ನೃತ್ಯಸಂಗೀತದ ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಸಿಡಿಮದ್ದಿನಿಂದ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ. ಸಿಡಿದದ್ದು ಪ್ಲಾಸ್ಟಿಕ್ಕಾದರೂ, ಪೆಟ್ಟು ಬಿದ್ದುದು ಆ ಸಂಗೀತವನ್ನು ತಮ್ಮದೆಂದುಕೊಂಡ ಜನರಿಗೆ ಎಂದು ಅನೇಕರು ಭಾವಿಸಿದರು. ದೊಡ್ಡ ಕಂಪನಿಗಳು ಡಿಸ್ಕೋ ತಟ್ಟೆಗಳಿಂದ ಹಿಂಜರಿದವು.

ಹೊಸ ತಟ್ಟೆಗಳು ವಿರಳವಾದಾಗ ನಕಲ್ಸ್ ಹಳೆಯವುಗಳನ್ನೇ ಹೊಸತು ಮಾಡಿದರು. ಹಾಡುಗಳನ್ನು ಕಾಂತೀಯ ಟೇಪಿಗೆ ಇಳಿಸಿ, ಕತ್ತರಿಸಿ, ಜೋಡಿಸಿ, ಉದ್ದ ಮಾಡಿದರು. ಮುಂದೆ ರೋಲೆಂಡ್ ಕಂಪನಿಯ ತಾಳಯಂತ್ರವನ್ನು ಅವುಗಳ ಜೊತೆಗೆ ನುಡಿಸಿದರು. ಈ ಮರುರೂಪಣೆಯ ಕಲೆಗಾಗಿ 1998ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ವಿನೈಲ್ ತಟ್ಟೆಯ ನಾದವೇ ಶ್ರೇಷ್ಠವೇ? ಮಾಪನದ ದೃಷ್ಟಿಯಿಂದ ಹಾಗೆ ಹೇಳಲಾಗದು. ಸೆಕೆಂಡಿಗೆ 44,100 ಬಾರಿ ನಾದವನ್ನು ಅಳೆದು ಅಂಕಿಗಳಾಗಿ ಬರೆದಿಡುವ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಸೂಜಿಯ ಉಜ್ಜಾಟವಿಲ್ಲ, ಸವೆತವಿಲ್ಲ. ಇಂದಿನ ಗಣಕಗಳು ಶ್ರುತಿಯನ್ನು ಕದಲಿಸದೆ ತಾಳವನ್ನು ಮಾತ್ರ ಬದಲಿಸಬಲ್ಲವು. ಆದರೂ 2020ರಲ್ಲಿ ಅಮೆರಿಕದಲ್ಲಿ ವಿನೈಲ್ ತಟ್ಟೆಗಳ ವರಮಾನ ಸಿಡಿಗಳದನ್ನು ಮೀರಿತು. ಕಣ್ಣಿಗೆ ಕಾಣುವ, ಕೈಗೆ ಸಿಗುವ ನಾದದ ಮೇಲೆ ಮನುಷ್ಯನಿಗೆ ಇರುವ ಅಕ್ಕರೆ ಅಂಥದು.

ನಕಲ್ಸ್ 2014ರ ಮಾರ್ಚ್ 31ರಂದು ತೀರಿಕೊಂಡರು. ಅವರ ಸುಮಾರು ಐದು ಸಾವಿರ ತಟ್ಟೆಗಳನ್ನು ಶಿಕಾಗೋವಿನ ಸ್ಟೋನಿ ಐಲೆಂಡ್ ಆರ್ಟ್ಸ್ ಬ್ಯಾಂಕಿನಲ್ಲಿ ಕಾಪಾಡಿಡಲಾಗಿದೆ. ಅದು 1923ರಲ್ಲಿ ಕಟ್ಟಿದ ಹಳೆಯ ಬ್ಯಾಂಕಿನ ಕಟ್ಟಡ; ಪಾಳುಬಿದ್ದಿದ್ದುದನ್ನು ಜೀರ್ಣೋದ್ಧಾರ ಮಾಡಿ 2015ರಲ್ಲಿ ಕಲಾಶಾಲೆಯಾಗಿ ತೆರೆದರು. ತಟ್ಟೆಗಳನ್ನು ಸಿಡಿಸಿದ ಊರೇ ಇಂದು ಅವನ್ನು ಸಾಲಾಗಿ ಜೋಡಿಸಿಟ್ಟಿದೆ.